ಹತ್ತು ಜನಕ್ಕೆ ಮುದ್ದೆ

ರವೆ ಹುರಿಯುವ ವಾಸನೆ ಮೂಗಿಗೆ ಬಡಿದದ್ದೇ ಮಾದೇವಿಗೆ ಅನುಮಾನ ಬಂತು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಬೆಳಿಗ್ಗೆ ಬೆಳಿಗ್ಗೆಯೇ ಉಪ್ಪಿಟ್ಟು ಯಾಕೆ?

"ಯಾರವ್ವ ಬತ್ತಿರದು?"

"ಶಿವರುದ್ರಮ್ಮೋರು ಅಂತ, ಮೈಸೂರಲ್ಲಿ ಟೀಚರು. ನಿಮ್ಮಕ್ಕನ ಕಾಲೇಜು ವಿಚಾರ ಮಾತಾಡಕ್ಕೆ ಬತ್ತಾವ್ರೆ," ಅಂದಳು ಅವ್ವ ಸುಂದ್ರಮ್ಮ, ಬಾಣಲೆಯಿಂದ ಕಣ್ಣೆತ್ತದೆ.

"ಅದಕ್ಕೆ ಅಕ್ಕ ಯಾಕೆ ರೇಷ್ಮೆ ಸೀರೆ ಉಡಬೇಕು?"

"ಸುಮ್ಕೆ ಹೋಗಿ ಜಮಖಾನ ಹಾಸು."

ಮಾದೇವಿ ಜಮಖಾನವನ್ನೇನೋ ಹಾಸಿದಳು, ಆದರೆ ಅವ್ವನ ಮಾತು ನಂಬಲಿಲ್ಲ. ಹೋದ ವರ್ಷ ದೊಡ್ಡಪ್ಪನ ಮನೆಯಲ್ಲೂ ಹೀಗೇ ಆಗಿತ್ತು. ಯಾರೋ ಎತ್ತು ನೋಡಲು ಬರುತ್ತಾರೆ ಅಂದಿದ್ದರು. ಬಂದವರು ಉಪ್ಪಿಟ್ಟು ತಿಂದರು, ದೊಡ್ಡಪ್ಪನ ಮಗಳು ಬಸವಮ್ಮಕ್ಕನನ್ನು ಕೂರಿಸಿಕೊಂಡು ನಾಲ್ಕು ಮಾತು ಕೇಳಿದರು, ಕೊಟ್ಟಿಗೆಯ ಕಡೆ ತಿರುಗಿಯೂ ನೋಡದೆ ಹೊರಟುಹೋದರು. ಮುಂದಿನ ತಿಂಗಳೇ ಬಸವಮ್ಮಕ್ಕನ ಮದುವೆ. ಎತ್ತುಗಳು ಈಗಲೂ ದೊಡ್ಡಪ್ಪನ ಕೊಟ್ಟಿಗೆಯಲ್ಲೇ ಮೇವು ತಿನ್ನುತ್ತಿವೆ.

ಒಳಗೆ ನೀಲಕ್ಕ ಹಾಡಿಕೊಳ್ಳುತ್ತಾ ನೆರಿಗೆ ಹಿಡಿಯುತ್ತಿದ್ದಳು. ಎಸ್ಸೆಸ್ಸೆಲ್ಸಿ ಪಾಸಾದಾಗಿನಿಂದ ಅವಳ ಬಾಯಲ್ಲಿ ಒಂದೇ ಮಾತು, ಇಂಟರ್‌ಮೀಡಿಯೆಟ್, ಸೈನ್ಸು.

"ಅಕ್ಕ, ಅವ್ರು ಹೆಣ್ಣು ನೋಡಕ್ಕೆ ಬತ್ತಾ ಇರದು ಕಣೆ."

"ಹೋಗೆ. ಅಪ್ಪ ನಂಗೆ ಸುಳ್ಳು ಹೇಳ್ತಾರಾ?"

ಬಸವಮ್ಮಕ್ಕನೂ ಹಾಗೇ ಅಂದಿದ್ದಳು. ಎಸ್ಸೆಸ್ಸೆಲ್ಸಿ ಪಾಸಾದವಳಿಗೆ ಅಷ್ಟೂ ಗೊತ್ತಾಗಬಾರದೇ ಎಂದು ಮಾದೇವಿಗೆ ಸಿಟ್ಟು ಬಂತು.

ಮೈಸೂರು ಬಸ್ಸಿಳಿದು ಬಂದ ಶಿವರುದ್ರಮ್ಮನವರ ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕೊಡೆ. ಅವರು ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ ನೀಲಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕಂಬದ ಹಿಂದೆ ನಿಂತ ಮಾದೇವಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಬಾವಿ ನೀರು ಸೇದ್ತೀಯೇನಮ್ಮ?"

"ಸೇದ್ತೀನಿ."

"ಹತ್ತು ಜನಕ್ಕೆ ಮುದ್ದೆ ತಿರುವೋಕೆ ಬರುತ್ತಾ?"

"ಬತ್ತದೆ."

"ಎಲ್ಲರ ಜೊತೆ ಹೊಂದ್ಕೊಂಡು ಹೋಗ್ತೀಯಾ?"

ಇನ್ನೇನು ಬೇಕು? ಹತ್ತು ಜನ ಅಂದರೆ ಅತ್ತೆ, ಮಾವ, ಮೈದುನರು, ನಾದಿನಿಯರು. ಪಾಪ, ನೀಲಕ್ಕ ಮುದ್ದೆ ತಿರುವಿ ತಿರುವಿಯೇ ಸವೆದುಹೋಗುತ್ತಾಳೆ. ಇದನ್ನು ಹೇಗಾದರೂ ತಪ್ಪಿಸಲೇಬೇಕು.

ಶಿವರುದ್ರಮ್ಮನವರು ಕೈ ತೊಳೆಯಲು ಹಿತ್ತಲಿಗೆ ಬಂದಾಗ ಮಾದೇವಿ ತಾನೇ ಚೆಂಬು ಹಿಡಿದು ನಿಂತಳು.

"ನಮ್ಮಕ್ಕ ಪುಸ್ತಕ ಹಿಡಿದ್ರೆ ಒಲೆ ಮೇಲೆ ಸಾರು ಸೀದೋದ್ರೂ ಏಳಲ್ಲ," ಅಂದಳು ನೀರು ಹಾಕುತ್ತಾ.

"ಹೌದಾ?" ಅವರು ನಕ್ಕರು.

ಯಾಕೆ ನಗುತ್ತಾರೆ? "ಎದುರು ಮಾತಾಡ್ತಾಳೆ. ಲೆಕ್ಕ ತಪ್ಪು ಅಂತ ಮೇಷ್ಟ್ರಿಗೇ ಹೇಳಿದ್ಲು."

"ಪರವಾಗಿಲ್ವೇ," ಅಂದರು, ಇನ್ನೂ ಖುಷಿಯಾಗಿ.

ಮಾದೇವಿಗೆ ದಿಕ್ಕು ತೋಚಲಿಲ್ಲ. ಇವರೆಂಥ ಬೀಗರು? ಕೊನೆಗೆ ಒಂದು ಸುಳ್ಳನ್ನೇ ಹೇಳಿಬಿಟ್ಟಳು.

"ಅವಳು ಮನೆ ಬಿಟ್ಟಿರಲ್ಲ. ಪರೀಕ್ಷೆಗೆ ಅಂತ ಒಂದು ವಾರ ಪಿರಿಯಾಪಟ್ಟಣದಲ್ಲಿ ಬಿಟ್ಟಿದ್ರೆ ದಿನಾ ಅತ್ತೂ ಅತ್ತೂ ಜ್ವರ ಬಂತು."

ಈ ಸಲ ಅವರ ನಗು ನಿಂತಿತು. ಗೆದ್ದೆ ಅಂದುಕೊಂಡಳು ಮಾದೇವಿ.

ಒಳಗೆ ಹೋದ ಶಿವರುದ್ರಮ್ಮನವರು ಕೊಡೆ ಎತ್ತಿಕೊಂಡು ಅಪ್ಪನ ಕಡೆ ತಿರುಗಿದರು. "ಷಣ್ಮುಖಪ್ಪನವರೇ, ಹುಡುಗಿ ಚುರುಕು. ಆದ್ರೆ ಈ ವರ್ಷ ಬೇಡ. ಕಾಲೇಜಿಗೆ ಹೋಗೋ ಹಳ್ಳಿ ಹುಡುಗೀರು ಒಂಬತ್ತು ಜನ ನಮ್ಮನೇಲಿದ್ದಾರೆ. ಸರದಿ ಮೇಲೆ ಅಡುಗೆ ಮಾಡ್ಕೊಂಡು ಓದ್ತಾರೆ. ಇನ್ನೊಬ್ಬಳಿಗೇ ಜಾಗ. ಹೋದ ವರ್ಷ ಒಬ್ಬಳು ಮನೆ ನೆನೆಸ್ಕೊಂಡು ಕಾಯಿಲೆ ಬಿದ್ದು ಓಡಿಹೋದ್ಲು. ಓದೂ ಹೋಯ್ತು, ಬೇರೆಯವಳಿಗೆ ಜಾಗವೂ ತಪ್ತು."

"ನಾನೇನು ಅಳಲ್ಲ," ಅಂದಳು ನೀಲಕ್ಕ, ಏನೂ ಅರ್ಥವಾಗದೆ.

"ಹೋಗೋ ಆಸೇಲಿ ಎಲ್ಲರೂ ಹಾಗೇ ಅಂತಾರಮ್ಮ. ನಿನ್ನ ತಂಗಿ ಎಲ್ಲಾ ಹೇಳಿದ್ಲು."

ಅಪ್ಪ ತಲೆ ತಗ್ಗಿಸಿದರು. "ಈ ವರ್ಷ ಬುಟ್ರೆ ಮುಗೀತು ಅಮ್ಮೋರೆ. ನಮ್ಮಣ್ಣ ಆಗ್ಲೇ ಗಂಡು ಹುಡುಕ್ತಾವ್ರೆ."

ಕಂಬದ ಹಿಂದೆ ನಿಂತ ಮಾದೇವಿಗೆ ಆಗ ಗೊತ್ತಾಯಿತು. ಹತ್ತು ಜನ ಅಂದರೆ ಅತ್ತೆ ಮನೆಯವರಲ್ಲ. ಹತ್ತನೆಯವಳು ನೀಲಕ್ಕ. ಮದುವೆ ತಪ್ಪಿಸುತ್ತೇನೆಂದು ಹೊರಟವಳು ಕಾಲೇಜನ್ನೇ ತಪ್ಪಿಸಿದ್ದಳು. ಅವಮಾನವೂ ಆಯಿತು, ಹೆದರಿಕೆಯೂ ಆಯಿತು. ಆದರೂ ಮುಂದೆ ಬಂದಳು.

"ಅತ್ತಿದ್ದು ಅಕ್ಕ ಅಲ್ಲ."

"ಮತ್ಯಾರು?"

"ನಾನು, ಇಲ್ಲಿ ಮನೇಲಿ. ಜ್ವರ ಬಂದಿದ್ದೂ ನಂಗೇಯ. ಅಕ್ಕ ಅಲ್ಲಿ ಚೆನ್ನಾಗೇ ಇದ್ಲು." ಅಷ್ಟು ಹೇಳುವಾಗಲೇ ಕಣ್ಣು ತುಂಬಿತು. "ನೀವು ಹೆಣ್ಣು ನೋಡಕ್ಕೆ ಬಂದೋರು ಅಂದ್ಕಂಡೆ. ಉಪ್ಪಿಟ್ಟು, ರೇಷ್ಮೆ ಸೀರೆ, ಎಲ್ಲಾ ಅಂಗೇ ಇತ್ತು."

ಅವ್ವ ಬಾಯಿಗೆ ಸೆರಗು ಹಿಡಿದಳು. "ಕಾಲೇಜಿನೋರು ಬಂದ್ರೆ ಹೆಂಗೆ ಕೂರಿಸಬೇಕು ಅಂತ ನಂಗೇನು ಗೊತ್ತವ್ವ? ನಂಗೆ ಗೊತ್ತಿರದು ಇದೊಂದೇ."

ಶಿವರುದ್ರಮ್ಮನವರು ಕೊಡೆಯನ್ನು ಗೋಡೆಗೆ ಒರಗಿಸಿ ಮತ್ತೆ ಜಮಖಾನದ ಮೇಲೆ ಕೂತರು.

"ಬಾ ನೀಲಾ, ಕೂತ್ಕೊ. ಹೆಸರು ದೊಡ್ಡದು ಅಂತ ಕಾಲೇಜು ಸೇರಬೇಡ. ನಿನಗೆ ಬೇಕಾಗಿರೋ ಸೈನ್ಸನ್ನ ಎಲ್ಲಿ ಚೆನ್ನಾಗಿ ಹೇಳಿಕೊಡ್ತಾರೆ ನೋಡೋಣ. ಪಾಠ ಎಲ್ಲ ಇಂಗ್ಲಿಷಲ್ಲಿ. ಅರ್ಥ ಆಗ್ಲಿಲ್ವಾ, ಎದ್ದು ಕೇಳು. ನಗೋರು ನಗಲಿ. ಅಳು ಬಂದ್ರೆ ಅಳು, ಮುಚ್ಚಿಡಬೇಡ. ಆದ್ರೆ ಅಳ್ತಾನೇ ಕ್ಲಾಸಿಗೆ ಹೋಗು."

ಕೊನೆಯ ಮಾತು ಹೇಳುವಾಗ ಅವರು ನೋಡಿದ್ದು ಮಾದೇವಿಯ ಕಡೆಗೆ.

ಸಂಜೆ ಹಿತ್ತಲಲ್ಲಿ ಅಕ್ಕ ತಂಗಿ ರೇಷ್ಮೆ ಸೀರೆ ಮಡಿಸಲು ನಿಂತರು. ಒಂದು ತುದಿ ಹಾಡಿಕೊಳ್ಳುತ್ತಿದ್ದ ನೀಲಕ್ಕನ ಕೈಯಲ್ಲಿ, ಇನ್ನೊಂದು ಮಾದೇವಿಯ ಕೈಯಲ್ಲಿ. ಮುಂದಿನ ತಿಂಗಳಿಂದ ಆ ತುದಿ ಹಿಡಿಯುವವರು ಯಾರು? ಎತ್ತು ನೋಡಲು ಬಂದವರಾದರೂ ಅಷ್ಟೇ, ಕಾಲೇಜಿನವರಾದರೂ ಅಷ್ಟೇ, ಅಕ್ಕ ಹೋಗುವುದು ಹೋಗುವುದೇ. ಆದರೆ ಬಸವಮ್ಮಕ್ಕ ಆವತ್ತು ಹೀಗೆ ಹಾಡಿಕೊಂಡು ಸೀರೆ ಮಡಿಸಿರಲಿಲ್ಲ.

"ಅಳ್ತಿದ್ದೀಯೇನೆ?" ಅಂದಳು ನೀಲಕ್ಕ.

"ಹ್ಞೂ. ನೀನು ಮಡಿಸು."

ಮಾದೇವಿ ತನ್ನ ತುದಿಯನ್ನು ಬಿಗಿಯಾಗಿ ಎಳೆದು ಹಿಡಿದಳು.