ನಾಲ್ಕು ಪ್ಲಗ್ಗಿನ ಕರಿ

ಫೆಬ್ರುವರಿ 17, ಶನಿವಾರ. ಬೆಳಿಗ್ಗೆ 11.15ಕ್ಕೆ ಚಂದನ ಠಾಣೆಯ ಮೆಟ್ಟಿಲು ಹತ್ತಿದಾಗ ಅವಳ ಕೈಯಲ್ಲಿ ನಜ್ಜುಗುಜ್ಜಾದ ಹಾಲಿನ ಕ್ಯಾನು ಇತ್ತು. ಕ್ಯಾನಿನ ಹೊಟ್ಟೆಯ ಮೇಲೆ ಬಿಳಿ ಬಣ್ಣದ ಒಂದು ಗೀರು.

ಹೆಡ್ ಕಾನ್‌ಸ್ಟೆಬಲ್ ಕೆಂಪಸಿದ್ದಯ್ಯ ಬೆಂಚು ತೋರಿಸಿದ. ಅವಳು ಕೂರಲಿಲ್ಲ. ನಿಂತೇ ಹೇಳಿದಳು. ಬೆಳಿಗ್ಗೆ 5.50ರ ಸುಮಾರಿಗೆ ತಾಯಿ ಮಂಗಳಮ್ಮ ಕೊಪ್ಪದ ಡೇರಿಗೆ ಹಾಲು ಹೊತ್ತು ಹೋಗುತ್ತಿದ್ದಾಗ ಹಿಂದಿನಿಂದ ಕಾರೊಂದು ಗುದ್ದಿ ನಿಲ್ಲದೆ ಹೋಗಿದೆ. ತೊಡೆಯ ಮೂಳೆ ಮುರಿದಿದೆ, ತಲೆಗೂ ಪೆಟ್ಟು. ಮಂಡ್ಯದ ಆಸ್ಪತ್ರೆಯಲ್ಲಿ ಆಪರೇಷನ್ ನಡೆಯುತ್ತಿದೆ, ಇನ್ನೂ ಪ್ರಜ್ಞೆ ಬಂದಿಲ್ಲ.

"ಕಾರು ನೋಡಿದೋರು?"

"ರಸ್ತೆ ಪಕ್ಕದ ಮನೆ ಪಟ್ಟಲಮ್ಮ ಬಾಗ್ಲು ಗುಡಿಸ್ತಿದ್ಲು. ಮಂಜು ಇತ್ತಂತೆ. ಹಳೇ ಬಿಳಿ ಕಾರು, ಹಿಂಭಾಗ ಕಂಡ್ತಂತೆ, ಅಷ್ಟೇಯ."

"ಆಸ್ಪತ್ರೆಗೆ ಯಾರು ಸಾಗಿಸಿದ್ದು?"

"ಮೆಕ್ಯಾನಿಕ್ ಇಸಾಕಣ್ಣನ ಮಗ ಶಾಕಿರ್. ಅವನ ಕಾರಲ್ಲಿ."

"ಅದ್ಯಾವ ಬಣ್ಣ?"

ಚಂದನ ಕ್ಯಾನನ್ನು ನೆಲಕ್ಕಿಟ್ಟಳು. "ಬಿಳಿ. ಹಳೇದು. ಗುದ್ದಿದೋನೇ ಎತ್ಕೊಂಡೋಗವ್ನೆ ಅಂತ ಊರೆಲ್ಲ ಅಂತದೆ. ನಂಗೊತ್ತಿಲ್ಲ ಸಾರ್."

ಸಬ್ ಇನ್‌ಸ್ಪೆಕ್ಟರ್ ಯತೀಶ್ 279, 338ನೇ ಕಲಮುಗಳಡಿ FIR ದಾಖಲಿಸಿದರು. ಕ್ಯಾನಿನ ಬಣ್ಣ ಲ್ಯಾಬಿಗೆ ಹೋದರೆ ವರದಿ ಬರಲು ತಿಂಗಳುಗಳೇ ಬೇಕು. ಆ ಸುತ್ತಿನಲ್ಲಿ ಅಂಥ ಕಾರು ಇದ್ದದ್ದು ಎರಡೇ: ಒಂದು ಶಾಕಿರನದು, ಇನ್ನೊಂದು ಕಬ್ಬಿನ ರೈತ ಶಿವರಾಜುವಿನದು. ಶಾಕಿರನನ್ನು ಠಾಣೆಗೆ ಕರೆಸಿ ಕೂರಿಸಲಾಯಿತು. ಅವನ ಕಾರಿನ ಹಿಂದಿನ ಸೀಟಿನಲ್ಲಿ ರಕ್ತವಿತ್ತು, ಇರಲೇಬೇಕಿತ್ತು.

12.40ಕ್ಕೆ ಶಿವರಾಜುವಿನ ಮನೆ. ಅರವತ್ತರ ಆಸುಪಾಸಿನ ಗಟ್ಟಿ ಆಳು, ಊರಿನ ನ್ಯಾಯ ಪಂಚಾಯ್ತಿಗೆ ಕೂರುವವನು. ಕೊಟ್ಟಿಗೆಯಲ್ಲಿ ಎತ್ತಿನ ಗಾಡಿಯ ಪಕ್ಕದಲ್ಲೇ ಕಾರು ನಿಂತಿತ್ತು. ಶಾಕಿರನ ಕಾರಿನಂತೆಯೇ ಇದರ ಮೈತುಂಬ ಹಳೇ ಗೀರು, ತಗ್ಗು; ಹೊಸದ್ಯಾವುದೆಂದು ಹೇಳುವಂತಿರಲಿಲ್ಲ.

"ಹದಿನೈದು ದಿನದಿಂದ ಸತ್ತು ಬಿದ್ದದೆ ಸ್ವಾಮಿ. ನೀವೇ ಕೀ ತಿರುವಿ ನೋಡಿ."

ಯತೀಶ್ ತಿರುಗಿಸಿದರು. ಇಂಜಿನ್ ಗೊರಗೊರ ಅಂದಿತು, ಹತ್ತಲಿಲ್ಲ. ಶಿವರಾಜು ತಾನೇ ಬಾನೆಟ್ ಎತ್ತಿ ಕಿಡಿ ಹಾರಿಸುವ ನಾಲ್ಕೂ ಪ್ಲಗ್ ಬಿಚ್ಚಿ ತೋರಿಸಿದ. ಕಾಡಿಗೆಯಂತೆ ಕರಿ, ಜಿಡ್ಡು. ಯತೀಶ್ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರು. ಶಿವರಾಜು ಪ್ಲಗ್ಗುಗಳನ್ನು ಮತ್ತೆ ಕೂರಿಸಿದ. ಹೊರಬರುತ್ತ ಯತೀಶ್ ಅಂದರು, "ಉಳಿದದ್ದು ಒಂದೇ ಕಾರು. ಸಂಜೆ ಆ ಹುಡುಗನ ಬಂಧನ ತೋರಿಸಿಬಿಡೋಣ."

ಕೆಂಪಸಿದ್ದಯ್ಯ ತಲೆಯಾಡಿಸಿದ. ಆದರೆ ಅವನ ಮೂಗಿನಲ್ಲಿ ಏನೋ ಉಳಿದುಕೊಂಡಿತ್ತು. ಕಾರಿನ ಇಂಜಿನ್ನಿನಿಂದ ಬರಬಾರದ ವಾಸನೆ. ಯಾವುದೆಂದು ಹೊಳೆಯಲಿಲ್ಲ.

2.30ಕ್ಕೆ ಇಸಾಕ್ ಠಾಣೆಗೆ ಬಂದ. ಮಗನ ಕಡೆ ನೋಡದೆ ನೇರ ಕೆಂಪಸಿದ್ದಯ್ಯನ ಮುಂದೆ ನಿಂತ.

"ಜಾಮೀನು ಸಿಗ್ತದೆ ಬುಡು ಇಸಾಕಣ್ಣ, ದೊಡ್ಡ ಕಲಮಲ್ಲ."

"ಮೈಗೆ ಜಾಮೀನು ಸಿಗ್ತದೆ. ಹೆಸರಿಗೆ ಯಾರು ಕೊಟ್ಟಾರು? ನಾಳೆ ರೋಡಲ್ಲಿ ಬಿದ್ದೋರ್ನ ಎತ್ಬೇಡ ಕಣ್ಲಾ ಅಂತ ನಾನೇ ನನ್ ಮಗನಿಗೆ ಯೋಳ್ಬೇಕಾ?"

ಕೆಂಪಸಿದ್ದಯ್ಯ ಯತೀಶರ ಮೊಬೈಲ್ ಈಸಿಕೊಂಡು ಶಿವರಾಜುವಿನ ಕಾರಿನ ಪ್ಲಗ್ಗುಗಳ ಚಿತ್ರ ತೋರಿಸಿದ. ಇಸಾಕ್ ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದ.

"ನಾಕೂ ಇಂಗೇ ಇದ್ವಾ?"

"ನಾಕೂ."

"ದೀಪಾವಳೀಲಿ ಆ ಇಂಜಿನ್ನಲ್ಲಿ ಆಯಿಲ್ ತಡೆಯೋ ರಿಂಗು ಬದ್ಲಾಯ್ಸಿದೋನು ನಾನು. ಆಯಿಲ್ ಮ್ಯಾಕೆ ಹತ್ತೋಕೆ ದಾರೀನೇ ಇಲ್ಲ. ಹತ್ತಿದ್ರೂ ಮೊದ್ಲು ಒಂದ್ರಲ್ಲಿ ಕಾಣಿಸ್ಕತದೆ. ಒಂದು ಮನೇಲಿ ನಾಕು ಅಣ್ತಮ್ಮಂದಿರಿಗೆ ಒಂದೇ ಗಳಿಗೇಲಿ ಜ್ವರ ಬತ್ತದಾ? ಆ ಪ್ಲಗ್ಗು ನಾನು ಬಿಚ್ಚಿ ನೋಡ್ಬೇಕು."

ಯತೀಶ್ ಕುರ್ಚಿಯಿಂದ ಎದ್ದರು. "ನೀನು ಆರೋಪಿಯ ಅಪ್ಪ. ನೀನು ಮುಟ್ಟಿದ್ದು ಕೋರ್ಟಿನಲ್ಲಿ ನಿಲ್ಲಲ್ಲ."

"ಮುಟ್ಟಕಿಲ್ಲ ಸಾರ್. ಕೈ ಹಿಂದಕ್ ಕಟ್ಕೊಂಡ್ ನಿಂತ್ಕತೀನಿ. ನೀವೇ ಬಿಚ್ಚಿ."

4.10ಕ್ಕೆ ಪಂಚನಾಮೆ ಶುರುವಾಯಿತು. ಪಂಚರು ಡೇರಿಯ ಕಾರ್ಯದರ್ಶಿ ಮಹದೇವಯ್ಯ ಮತ್ತು ಪಟ್ಟಲಮ್ಮ. ಮದ್ದೂರಿನಿಂದ ಹೊಸ ಪ್ಲಗ್ಗುಗಳ ಜೊತೆ ಮೋಟಾರು ವಾಹನ ನಿರೀಕ್ಷಕರೂ ಬಂದಿದ್ದರು. ಕೊಟ್ಟಿಗೆಯ ಮುಂದೆ ಅರ್ಧ ಊರು ನೆರೆದಿತ್ತು.

"ಮಗನ್ನ ಉಳಿಸ್ಕೊಳ್ಳೋಕೆ ಬಂದವ್ನೆ," ಅಂದ ಶಿವರಾಜು.

"ಹೂಂ ಕಣಣ್ಣ. ಬೇರೆಯೋರ ಮಗನಾಗಿದ್ರೂ ಬತ್ತಿದ್ದೆ," ಅಂದ ಇಸಾಕ್, ಕೈ ಬೆನ್ನ ಹಿಂದೆ ಕಟ್ಟಿಕೊಂಡೇ.

ಕೆಂಪಸಿದ್ದಯ್ಯ ಪಾನಾ ಹಾಕಿ ಮೊದಲ ಪ್ಲಗ್ ಬಿಚ್ಚಿದ. ಇಸಾಕ್ ನಾಲ್ಕು ಮಾರು ದೂರದಿಂದ ಹೇಳತೊಡಗಿದ, ಯಾವ ಆತುರವೂ ಇಲ್ಲದೆ.

"ಪ್ಲಗ್ಗು ಇಂಜಿನ್ನಿನ ನಾಲ್ಗೆ. ಪೆಟ್ರೋಲ್ ಜಾಸ್ತಿ ಕುಡುದ್ರೆ ಒಣ ಮಸಿ ಕೂರ್ತದೆ, ದೀಪದ ಗಾಜಿಗೆ ಕೂತಂಗೆ. ಆಯಿಲ್ ಹತ್ತಿದ್ರೆ ಜಿಡ್ಡು. ಆದ್ರೆ ಅದು ಬೆಂದ ಜಿಡ್ಡು, ತಳ ಹಿಡಿದ ಪಾತ್ರೆ ಇದ್ದಂಗೆ, ತಂತಿ ಬ್ರಷ್ಷಲ್ಲಿ ಕೆರೀಬೇಕು. ಈಗ ಬಟ್ಟೇಲಿ ಒರಸಿ ನೋಡಿ."

ಕೆಂಪಸಿದ್ದಯ್ಯ ಒರೆಸಿದ. ಕರಿ ಅಷ್ಟೂ ಬಟ್ಟೆಗೆ ಬಂತು, ಮಗುವಿನ ಕಣ್ಣ ಕಾಡಿಗೆ ಸೆರಗಿಗೆ ಬಂದಷ್ಟು ಸಲೀಸಾಗಿ. ಅಡಿಯಲ್ಲಿ ಪ್ಲಗ್ಗಿನ ಪಿಂಗಾಣಿ ಕಡ್ಲೆಕಾಯಿ ಸಿಪ್ಪೆಯ ಬಣ್ಣದಲ್ಲಿ ಹೊಳೆಯಿತು.

"ಆ ಬಣ್ಣ ಇದ್ರೆ ಇಂಜಿನ್ ಆರೋಗ್ಯವಾಗದೆ ಅಂತ. ಈ ಕರಿ ಒಳಗೆ ಹುಟ್ಟಿದ್ದಲ್ಲ, ಹೊರಗಿಂದ ಬಳ್ದಿರೋದು."

ಮೋಟಾರು ವಾಹನ ನಿರೀಕ್ಷಕರು ಬಟ್ಟೆಯನ್ನೂ ಪ್ಲಗ್ಗನ್ನೂ ತಿರುಗಿಸಿ ನೋಡಿದರು. "ಇವರು ಹೇಳಿದ್ದು ಸರಿ. ಬರೆದುಕೊಳ್ಳಿ."

"ಯಾತರಿಂದ ಬಳಿದಿದ್ದು?" ಯತೀಶ್ ಕೇಳಿದರು. ಇಸಾಕ್ ಗೊತ್ತಿಲ್ಲವೆಂದು ತಲೆಯಾಡಿಸಿದ. ಅದು ಅವನ ವಿದ್ಯೆಯ ಆಚೆಗಿನ ಮಾತು.

ಕೆಂಪಸಿದ್ದಯ್ಯ ಬಟ್ಟೆಯನ್ನು ಮೂಗಿಗೆ ಹಿಡಿದ. ಆಗ ಹೊಳೆಯಿತು. ಅವನಪ್ಪ ಕಬ್ಬಿನ ಗಾಡಿ ಹೊಡೆಯುತ್ತಿದ್ದ ಕಾಲ. ಗಾಡಿ ಕಟ್ಟುವ ಮುಂಚೆ ಅಚ್ಚಿಗೆ ಹಚ್ಚುವ ಕೆಲಸ ಇವನದು. ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿದ ಕೀಲೆಣ್ಣೆ. ಸೋಪು ಹಾಕಿ ತೊಳೆದರೂ ಎರಡು ದಿನ ಕೈ ಬಿಡದ ವಾಸನೆ. ಅವನು ಏನೂ ಹೇಳದೆ ಎತ್ತಿನ ಗಾಡಿಯ ಬಳಿ ಹೋಗಿ ಬಗ್ಗಿದ. ಗಾಡಿಯ ಮೂಕಿಮರದ ಕೆಳಗೆ ನೇತುಬಿದ್ದಿದ್ದ, ಕೀಲೆಣ್ಣೆ ತುಂಬಿಡುವ ಬಿದಿರಿನ ಗೊಟ್ಟ ಬಿಚ್ಚಿ ತಂದು ಪಂಚರ ಮುಂದೆ ಹಿಡಿದ.

ಪಟ್ಟಲಮ್ಮ ಒಂದು ಸಲ ಮೂಸಿ, "ಕೀಲೆಣ್ಣೆ ಕಣ್ರಪ್ಪ. ಕಾರಿಗೂ ಹಚ್ತಾರಾ ಇದ್ನ?" ಅಂದಳು. ಯಾರೋ ನಕ್ಕರು.

ಒರೆಸದ ಉಳಿದ ಮೂರು ಪ್ಲಗ್ಗುಗಳನ್ನೂ ಬಿಚ್ಚಿ, ಬಟ್ಟೆ ಮತ್ತು ಗೊಟ್ಟದ ಜೊತೆ ಅರಗು ಹಾಕಿ ಸೀಲ್ ಮಾಡಲಾಯಿತು. ಒರೆಸಿದ್ದು ಬೇರೆ ಲಕೋಟೆಗೆ. ಹೊಸ ಪ್ಲಗ್ ನಾಲ್ಕನ್ನೂ ಕೆಂಪಸಿದ್ದಯ್ಯನೇ ಕೂರಿಸಿದ. ಯತೀಶ್ ಕೀ ತಿರುಗಿಸಿದರು.

ಮೊದಲ ಸಲಕ್ಕೆ ಸೀನಿತು. ಎರಡನೇ ಸಲಕ್ಕೆ ಹತ್ತಿತು. ಹದಿನೈದು ದಿನದಿಂದ ಸತ್ತಿದ್ದ ಕಾರು ಕೊಟ್ಟಿಗೆಯ ಹೆಂಚು ಅದುರುವಂತೆ ಉಸಿರಾಡಿತು. ಎತ್ತುಗಳು ಬೆಚ್ಚಿ ಕಿವಿ ನಿಮಿರಿಸಿದವು. ಇಸಾಕ್ ಆಗ ಬೆನ್ನ ಹಿಂದಿನ ಕೈ ಬಿಚ್ಚಿ ಮುಖ ಒರೆಸಿಕೊಂಡ. ಕೆಂಪಸಿದ್ದಯ್ಯ ತನ್ನ ಮೂವತ್ತು ವರ್ಷದ ಸರ್ವೀಸಿನಲ್ಲಿ ಅಷ್ಟು ಸೊಗಸಾದ ಸದ್ದು ಕೇಳಿರಲಿಲ್ಲ. ವೇಳೆ 4.52 ಎಂದು ಬರೆಸಿದ.

ಶಿವರಾಜು ಗಾಡಿಯ ನೊಗದ ಮೇಲೆ ಕೂತ.

"ನೀನೇ ಯೋಳಿದ್ದಲ್ಲ ಇಸಾಕಣ್ಣ, ಪ್ಲಗ್ಗಿಗೆ ಕರಿ ಜಿಡ್ಡು ಬಂದ್ರೆ ಗಾಡಿ ಹತ್ತಕಿಲ್ಲ ಅಂತ."

"ಯೋಳಿದ್ದೆ. ಆ ಕರಿ ಎಲ್ಲಿಂದ ಬತ್ತದೆ ಅಂತ ನೀನು ಕೇಳ್ನಿಲ್ಲ."

ಉಳಿದ ಪ್ರಶ್ನೆಗಳನ್ನು ಯತೀಶ್ ಕೇಳಿದರು.

"ಬೆಳಿಗ್ಗೆ ಎಲ್ಲಿಗೆ ಹೊರಟಿದ್ದೆ?"

"ಮುತ್ತತ್ತಿಗೆ. ಶನಿವಾರ, ಆಂಜನೇಯನಿಗೆ."

"ಹೆಂಗಸು ಕಾಣಲಿಲ್ವಾ?"

"ಕಾಣ್ನಿಲ್ಲ." ಕಣ್ಣುಜ್ಜಿಕೊಂಡು ಅಂದ, "ಆರು ತಿಂಗ್ಳಿಂದ ಸರ್ಯಾಗಿ ಏನೂ ಕಾಣಾಕಿಲ್ಲ. ಕಾರು ಮುಟ್ಬೇಡ ಅಂತ ಮಂಡ್ಯದ ಕಣ್ ಡಾಕ್ಟ್ರು ಅಂದಿದ್ರು. ಮನೇಲಿ ಯೋಳ್ನಿಲ್ಲ. ಇವತ್ತು ಕೀ ಇಸ್ಕಂಡ್ರೆ ನಾಳೆ ಬಾರುಕೋಲು ಇಸ್ಕತಾರೆ. ಆಮೇಲೆ ನನ್ ಮಾತು ಯಾರ್ ಕೇಳ್ತಾರೆ? ಜಗಲಿ ಮ್ಯಾಲೆ ಕೂರ್ಸಿ ಮುದ್ದೆ ಇಕ್ತಾರೆ, ಅಷ್ಟೇಯ."

"ಅದಕ್ಕೆ ಇನ್ನೊಬ್ಬನ ಮಗನನ್ನು ಠಾಣೇಲಿ ಕೂರಿಸಿದೆ."

ಸಾಕ್ಷ್ಯ ಮರೆಮಾಚಿದ ಕಲಮನ್ನೂ ಸೇರಿಸಿ 5.20ಕ್ಕೆ ಬಂಧನ ದಾಖಲಾಯಿತು. ಯತೀಶ್ ಠಾಣೆಗೆ ಫೋನ್ ಮಾಡಿ ಶಾಕಿರನನ್ನು ಕಳಿಸಲು ಹೇಳಿದರು. ಆಮೇಲೆ ಇಸಾಕ್ ಕಡೆ ತಿರುಗಿ, "ತಪ್ಪು ನನ್ನದು," ಅಂದರು. ಅಷ್ಟರಲ್ಲಿ ಆಸ್ಪತ್ರೆಯಿಂದ ಚಂದನಳ ಕರೆ: ಮಂಗಳಮ್ಮನಿಗೆ ಪ್ರಜ್ಞೆ ಬಂದಿದೆ. ಕಣ್ಣು ಬಿಟ್ಟವಳೇ ಕೇಳಿದ ಮೊದಲ ಮಾತು, ಹಸು ಕರೆದೋರು ಯಾರು ಎಂದು.

ಜೀಪು ಹೊರಟಿತು. ಬಸ್ ನಿಲ್ದಾಣದ ಬಳಿ ಇಸಾಕನ ಗ್ಯಾರೇಜಿನ ಮುಂದೆ ದಾರಿ ಬಿಡದಷ್ಟು ಜನ, ಶಿಳ್ಳೆ, ಕೂಗು. ಶಿವರಾಜು ಕಣ್ಣು ಕಿರಿದು ಮಾಡಿ ಆ ಕಡೆ ನೋಡಿದ.

"ಅದೇನ್ ಅಲ್ಲಿ, ಜಾತ್ರೆ?"

"ಶಾಕಿರ್ ಬಂದವ್ನೆ," ಅಂದ ಕೆಂಪಸಿದ್ದಯ್ಯ. "ಹೆಗಲ ಮ್ಯಾಲೆ ಎತ್ಕೊಂಡವ್ರೆ. ಕಾಣಾಕಿಲ್ವಾ?"

ಶಿವರಾಜು ಮುಖ ತಗ್ಗಿಸಿದ.

"ಕಾಣಾಕಿಲ್ಲ," ಅಂದ. "ಕೇಳ್ತದೆ."