ನಲವತ್ತೊಂದನೇ ನಂಬರ್

"ಈ ಹತ್ತು ಸೆಕೆಂಡ್ ಕತ್ತರಿಸಿಬಿಡ್ತೀನಿ ಮೇಡಂ."

"ಮುಟ್ಟಿ ನೋಡಿ!"

ಪ್ರಯೋಗಾಲಯದ ಉದ್ದನೆಯ ಮೇಜಿನ ಬಳಿ ಅವರಿಬ್ಬರ ನಡುವೆ ನಡೆದ ಮೊದಲ ಮಾತೇ ಇದು.

ಅವಳು ಒಂಬತ್ತನೇ ತರಗತಿಗೆ ವಿಜ್ಞಾನ ಹೇಳಿಕೊಡುವವಳು. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ಕಾಯುವುದು ಅವಳ ಅಭ್ಯಾಸ. ಅದಕ್ಕೇ ಮಕ್ಕಳು ಬೆನ್ನ ಹಿಂದೆ ಅವಳನ್ನು 'ಹತ್ತು ಟೀಚರ್' ಎನ್ನುತ್ತಿದ್ದರು. ಅವನು, ಪಾಠಗಳಲ್ಲಿ ಯಾವುದು ಆನ್‌ಲೈನಿಗೆ, ಯಾವುದು ತರಗತಿಗೆ ಎಂದು ಹೊಂದಿಸಿಕೊಡಲು ಮೂರು ತಿಂಗಳ ಮಟ್ಟಿಗೆ ಬಂದವನು. ಎಲ್ಲರ ವಿಡಿಯೋಗಳನ್ನೂ ಕೊಯ್ದು ಆರು ನಿಮಿಷಕ್ಕಿಳಿಸುತ್ತಿದ್ದುದರಿಂದ ಸ್ಟಾಫ್ ರೂಮಿನಲ್ಲಿ ಎರಡೇ ದಿನಕ್ಕೆ 'ಕತ್ತರಿ ಸಾರ್' ಆಗಿಹೋಗಿದ್ದ.

"ನೀವು ಸುಮ್ನೆ ಕ್ಯಾಮೆರಾ ನೋಡ್ತಾ ನಿಂತಿದ್ದೀರ. ಮನೇಲಿ ಕೂತ ಮಕ್ಕಳು ನೆಟ್ ಹೋಯ್ತು ಅನ್ಕೋತಾರೆ."

"ಮಕ್ಕಳು ಯೋಚನೆ ಮಾಡೋದೇ ಆಗ ಸಾರ್. ಅದನ್ನೂ ತೆಗೆದ್ರೆ ಉಳಿಯೋದು ನನ್ನ ಗಂಟಲು ಮಾತ್ರ!"

ಅವನು ನೋಟ್‌ಬುಕ್ ತೆರೆದು ಹಾಳೆಯ ನಡುವೆ ಗೆರೆ ಎಳೆದ. ಎಡಗಡೆ 'ಮನೆ', ಬಲಗಡೆ 'ತರಗತಿ'.

"ಹೇಳಿ ಮುಗಿಸಬಹುದಾದ್ದು ಎಡಕ್ಕೆ. ಎದುರೆದುರು ಕೂತೇ ಕೇಳಬೇಕಾದ್ದು ಬಲಕ್ಕೆ. ನಾನು ಕೆಲಸ ಮಾಡೋದು ಹೀಗೆ. ನಿಮ್ಮ ಪ್ರಶ್ನೆಗಳೆಲ್ಲ ಬಲಕ್ಕೆ ಹೋಗ್ಲಿ."

"ಹೋಗಲ್ಲ," ಎಂದವಳೇ ಅವಳು ಚೀಲ ಎತ್ತಿಕೊಂಡು ಹೊರಟುಬಿಟ್ಟಳು.

ಮರುದಿನ ವಿಡಿಯೋ ತೆರೆದು ನೋಡಿದರೆ... ಹತ್ತು ಸೆಕೆಂಡ್ ಹಾಗೇ ಇತ್ತು!

ಯಾಕೆ ಬಿಟ್ಟ? ಕೇಳಲು ಅವಳಿಗೆ ಬಿಗುಮಾನ ಅಡ್ಡ ಬಂತು.

ಹೊಸ ಏರ್ಪಾಟಿನಲ್ಲಿ ಅರ್ಧ ಮಕ್ಕಳು ವಾರದ ಮೊದಲೆರಡು ದಿನ ಶಾಲೆಗೆ ಬರುತ್ತಿದ್ದರು, ಉಳಿದರ್ಧ ಮುಂದಿನೆರಡು ದಿನ. ತಿಂಗಳಿಗೊಂದು ದಿನ ಮಾತ್ರ ಎಲ್ಲರೂ ಒಟ್ಟಿಗೆ. ಮಿಕ್ಕ ಹೊತ್ತೆಲ್ಲ ಮನೆಯಲ್ಲೇ ವಿಡಿಯೋ ಪಾಠ. ಪಾಠದ ಪುಟದಲ್ಲಿ ಮಕ್ಕಳಿಗೆ ಹೆಸರಿಲ್ಲ, ನಂಬರ್ ಮಾತ್ರ.

ಮಕ್ಕಳು ಬರದ ದಿನಗಳಲ್ಲಿ ಅವಳು ವಿಡಿಯೋಗಾಗಿ ಖಾಲಿ ಬೆಂಚುಗಳ ಎದುರು ನಿಂತು ಪಾಠ ಮಾಡುತ್ತಿದ್ದಳು. ಕೇಳುತ್ತಿದ್ದಳು. ಕಾಯುತ್ತಿದ್ದಳು. ಸಂಜೆ ಮಹಡಿಯ ಮೇಲಿನ ಒಂಟಿ ಕೋಣೆಗೆ ಹೋಗಿ ಫೋನಿಗೆ ಚಾರ್ಜರ್ ಚುಚ್ಚುವಾಗ, ಆ ದಿನ ತಾನು ಯಾರೊಂದಿಗೆ ಮಾತನಾಡಿದೆ ಎಂದು ನೆನೆದರೆ ಒಂದು ಮುಖವೂ ನೆನಪಾಗುತ್ತಿರಲಿಲ್ಲ.

"ಏನೇ, ಕ್ಯಾಮೆರಾ ಜೊತೆಗೇ ಸಂಸಾರ ಹೂಡಿಬಿಟ್ಯಾ?" ಎಂದು ಅಕ್ಕ ಫೋನಿನಲ್ಲಿ ಕಿಚಾಯಿಸಿದಳು.

"ಅದು ಎದುರು ಮಾತಾಡಲ್ಲ ಕಣೇ ಅಕ್ಕಾ."

ನಗಬೇಕೆಂದೇ ಹೇಳಿದ್ದಳು. ನಗು ಬರಲಿಲ್ಲ.

ಮೊದಲ ವಾರ ಅವಳ ಪ್ರಶ್ನೆಯ ಕೆಳಗೆ ಬಂದ ಬರಹ ಒಂದೇ. ನಲವತ್ತೊಂದನೇ ನಂಬರಿನದು.

'ದನಿ ಗೋಡೆಗೆ ಬಡಿದು ವಾಪಸ್ ಬರತ್ತೆ ಅಂದ್ರಿ. ಹತ್ತಿರದ ಗೋಡೆಯಿಂದ ಯಾಕೆ ಕೇಳಿಸಲ್ಲ?'

'ಬರುತ್ತದೆ. ಆದರೆ ತೀರಾ ಬೇಗ ಬರುವುದರಿಂದ ಕಿವಿಗೆ ಬೇರೆಯಾಗಿ ತಿಳಿಯುವುದಿಲ್ಲ,' ಎಂದು ಅವಳು ಬರೆದಳು. ಬರೆದು, ಎಷ್ಟೋ ದಿನಗಳ ನಂತರ ತನ್ನಷ್ಟಕ್ಕೇ ಗುನುಗಿಕೊಂಡಳು.

ಆಮೇಲೆ ಪ್ರತಿ ಪಾಠಕ್ಕೂ ನಲವತ್ತೊಂದು ಹಾಜರ್! ಅರ್ಧಂಬರ್ಧ ಉತ್ತರ, ತಲೆಹರಟೆ ಪ್ರಶ್ನೆ. ಮೊದಲೆರಡು ದಿನದ ಗುಂಪಿನಲ್ಲಿ ಅಂಥ ಮಗು ಕಾಣದಿದ್ದಾಗ, ಇನ್ನೊಂದು ಗುಂಪಿನಲ್ಲಿರಬೇಕು ಎಂದುಕೊಂಡಳು. ಅಲ್ಲೂ ಕಾಣದಾಗ, ಹೊಸ ಅಡ್ಮಿಷನ್ ಇರಬೇಕು, ನಾಚಿಕೆಯ ಮಗು ಎಂದುಕೊಂಡಳು. ರೆಕಾರ್ಡ್ ಮಾಡುವಾಗ ಈಗ ಅವಳ ಕಣ್ಣು ಖಾಲಿ ಬೆಂಚನ್ನು ನೋಡುತ್ತಿರಲಿಲ್ಲ, ಆ ಮಗುವನ್ನೇ ನೋಡುತ್ತಿತ್ತು.

ಒಂದು ದಿನ ನಲವತ್ತೊಂದು ಬರೆಯಿತು.

'ಖಾಲಿ ಮನೆಯಲ್ಲಿ ಮಾತಾಡಿದರೆ ದನಿ ಗುಂಯ್ ಅನ್ನತ್ತೆ. ಅದನ್ನ ನಿಲ್ಲಿಸೋದು ಹೇಗೆ ಟೀಚರ್?'

ಅವಳು ಅದನ್ನು ಎರಡು ಸಲ ಓದಿದಳು. ಎಂಥ ಮನೆಯಲ್ಲಿದೆಯೋ ಈ ಮಗು!

'ಇದನ್ನು ಬರೆದು ಹೇಳುವುದಿಲ್ಲ. ಎಲ್ಲರೂ ಒಟ್ಟಿಗೆ ಬರುವ ದಿನ ತೋರಿಸುತ್ತೇನೆ.'

ಆ ದಿನ ಅವಳು ಎರಡು ರಟ್ಟಿನ ಡಬ್ಬ ತಂದಳು. ಒಂದು ಖಾಲಿ, ಇನ್ನೊಂದಕ್ಕೆ ತನ್ನ ಹಳೆಯ ಶಾಲು ಹರಿದು ಒಳಗೆಲ್ಲ ಅಂಟಿಸಿದ್ದಳು. ಮೇಜಿನ ಮೇಲೆ ಪುಟ್ಟ ಗಂಟೆ. ತರಗತಿ ತುಂಬಿತ್ತು. ಹಿಂದಿನ ಬೆಂಚಿನಲ್ಲಿ ಕತ್ತರಿ ಸಾರ್ ನೋಟ್‌ಬುಕ್ ಹಿಡಿದು ಕುಳಿತಿದ್ದ.

"ಇವತ್ತಿನ ಪ್ರಯೋಗ ಒಬ್ಬರ ಪ್ರಶ್ನೆಗೋಸ್ಕರ. ನಲವತ್ತೊಂದನೇ ನಂಬರ್ ಯಾರು? ಬಾಮ್ಮ... ಬಾಪ್ಪ..."

ಒಂದು. ಎರಡು. ಮೂರು...

ಯಾರೂ ಏಳಲಿಲ್ಲ.

"ಟೀಚರ್," ಎಂದಳು ಕ್ಲಾಸ್ ಲೀಡರ್, "ನಾವಿರೋದೇ ನಲವತ್ತು ಜನ."

ಏಳು. ಎಂಟು...

ಹಿಂದಿನ ಬೆಂಚು ಕಿರ್ ಎಂದಿತು. ಅವನು ಎದ್ದು ನಿಂತಿದ್ದ.

"ನಾನು ಮೇಡಂ. ಅದು... ಪಾಠ ಸರಿಯಾಗಿ ತೆರೆಯತ್ತಾ ಅಂತ ನೋಡೋಕೆ ಇಟ್ಕೊಂಡ ನಂಬರ್."

"ಸಾರ್ ಫೇಲಾಗಿ ನಮ್ ಕ್ಲಾಸಿಗೇ ಬಂದವ್ರೆ!" ಎಂದು ಯಾರೋ ಕೂಗಿದರು. ತರಗತಿಗೆ ತರಗತಿಯೇ ಹೋ ಎಂದಿತು.

ಅವಳು ಡಬ್ಬಗಳ ಕಡೆ ತಿರುಗಿದಳು. ಹಾಗಾದರೆ ಇಷ್ಟು ದಿನ ಕೇಳಿಸಿಕೊಂಡವರು ಯಾರೂ ಇರಲಿಲ್ಲ. ತನ್ನನ್ನು ತೂಗಿ ನೋಡುತ್ತಿದ್ದ ಒಬ್ಬ ಇದ್ದ, ಅಷ್ಟೇ!

ಅವಳು ಪ್ರಯೋಗವನ್ನು ಮಾಡಿಯೇ ಮುಗಿಸಿದಳು. ಹಿಂದಿನ ಬೆಂಚಿನ ಕಡೆ ಒಮ್ಮೆಯೂ ನೋಡಲಿಲ್ಲ.

ಮಾರನೆಯ ದಿನ ಪಾಠದ ಪುಟದ ಪಟ್ಟಿ ನಲವತ್ತಕ್ಕೇ ನಿಂತಿತ್ತು. ನಲವತ್ತೊಂದನ್ನು ಅವನು ಅಳಿಸಿದ್ದ. ಎರಡು ವಾರ ಅವಳು ಪ್ರಶ್ನೆ ಕೇಳಿದಳು, ಹತ್ತು ಎಣಿಸಿದಳು. ನಲವತ್ತು ಮಕ್ಕಳಲ್ಲಿ ಕೆಲವರು ಈಗ ಉತ್ತರ ಬರೆಯುತ್ತಿದ್ದರು. ಖುಷಿಯಾಗಬೇಕಿತ್ತು. ಆದರೆ ಅವಳ ಬೆರಳು ಪಟ್ಟಿಯ ಕೊನೆಗೆ ಜಾರಿ, ಏನೂ ಇಲ್ಲದ ಕಡೆ ನಿಂತುಬಿಡುತ್ತಿತ್ತು.

ಅವನು ಹೊರಡುವ ದಿನದ ಮಧ್ಯಾಹ್ನ ಪ್ರಯೋಗಾಲಯದ ಬಾಗಿಲಲ್ಲಿ ಬಂದು ನಿಂತ. ಹೆಗಲಿಗೆ ಚೀಲ.

"ಫೈಲುಗಳೆಲ್ಲ ಹೆಡ್‌ಮೇಡಂ ಹತ್ರ ಕೊಟ್ಟಿದ್ದೀನಿ."

"ಸರಿ." ಅವಳು ತಿರುಗಲಿಲ್ಲ. ಆಮೇಲೆ ತಡೆಯಲಾಗದೆ ತಿರುಗಿದಳು. "ನನ್ನ ಪರೀಕ್ಷೆ ಮಾಡ್ತಿದ್ರಾ?"

"ಮೊದಲನೇ ದಿನ, ಹೌದು."

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ ಎನ್ನುವುದು ಅವಳಿಗೆ ತಾಗಿತು.

"ಆ ಹತ್ತು ಸೆಕೆಂಡ್ ದಂಡ ಅಂತ ತೋರಿಸೋಣ ಅಂತ ವಿದ್ಯಾರ್ಥಿ ಥರ ಕೂತೆ. ನೀವು ಪ್ರಶ್ನೆ ಕೇಳಿ ಸುಮ್ಮನಾದ್ರಿ. ನಾಲ್ಕಕ್ಕೋ ಐದಕ್ಕೋ ನಾನು ಬಾಯಿಬಿಟ್ಟು ಉತ್ತರ ಹೇಳ್ತಿದ್ದೆ ಮೇಡಂ! ಒಬ್ಬನೇ ಕೂತು! ನಾನು ಹೇಳೋ ತನಕ ಕಾದವ್ರು ಇದುವರೆಗೂ ಯಾರೂ ಇರ್ಲಿಲ್ಲ. ಎರಡನೇ ದಿನದಿಂದ ಪರೀಕ್ಷೆ ಅಲ್ಲ."

"ಮತ್ತೆ ಆ ಖಾಲಿ ಮನೆ? ಅದೂ ಕಟ್ಟಿದ ಕಥೆನಾ?"

"ಮೂರು ತಿಂಗಳಿಗೊಂದು ಶಾಲೆ, ಮೂರು ತಿಂಗಳಿಗೊಂದು ಬಾಡಿಗೆ ಮನೆ. ಒಂದು ಚಾಪೆ, ಒಂದು ಕಂಪ್ಯೂಟರ್. ಯಾವ ಮನೇಲೂ ಸಾಮಾನು ಹಾಕಿಲ್ಲ. ಗುಂಯ್ ಅನ್ನತ್ತೆ ಮೇಡಂ... ನಿಜವಾಗ್ಲೂ."

ಕಿಟಕಿಯ ಹೊರಗೆ ಮಕ್ಕಳು ಬಸ್ಸಿಗೆ ಸಾಲು ನಿಂತಿದ್ದರು. ಅವಳು ಶಾಲು ಅಂಟಿಸಿದ ಡಬ್ಬದ ಅಂಚನ್ನು ಬೆರಳಿನಿಂದ ಒತ್ತುತ್ತಲೇ ಇದ್ದಳು.

"ಇದನ್ನ ಬರೆದು ಕೇಳಬಹುದಿತ್ತು," ಎಂದ ಅವನು. "ಆದ್ರೆ ಇದು ಬಲಗಡೆ ಕಾಲಮ್ಮಿಂದು. ಮುಂದಿನ ಶಾಲೆಗೆ ಬರಲ್ಲ ಅಂತ ಅವರಿಗೆ ಹೇಳಿಬಿಟ್ಟು... ನಾನು ಇಲ್ಲೇ, ನಿಮ್ಮ ಹತ್ರ ಉಳೀಲಾ?"

ಅವನು ಕಾದ. ತುಟಿ ಮೆಲ್ಲಗೆ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದಾನೆ! ಅವಳೂ ಮನಸ್ಸಿನಲ್ಲೇ ಎಣಿಸತೊಡಗಿದಳು.

"ಹತ್ತಾಯ್ತು," ಎಂದು ಅವನು ಚೀಲ ಸರಿಪಡಿಸಿಕೊಂಡ.

"ಕಷ್ಟದ ಪ್ರಶ್ನೆಗೆ ಇಪ್ಪತ್ತು ಕೊಡ್ತೀನಿ ನಾನು!"

ಅವನು ನಿಂತ.

ಅವಳು ಕಣ್ಣೊರೆಸಿಕೊಂಡು, ಟೀಚರ್ ದನಿಯಲ್ಲೇ ಹೇಳಿದಳು. "ಮೊದ್ಲು ಆ ಮನೆಗೆ ದಪ್ಪ ಪರದೆ ಹಾಕ್ಬೇಕು. ಬಟ್ಟೆ ದನಿ ಹೀರಿಕೊಳ್ಳತ್ತೆ."

"ಪರದೆ ಒಂದೇ ಸಾಕಾ?"

"ಸಾಲಲ್ಲ. ಕುರ್ಚಿನೂ ಬೇಕು."

"ಎಷ್ಟು?"

"ಎರಡು ಕಣ್ರೀ... ಅದನ್ನೂ ಹೇಳ್ಕೊಡ್ಬೇಕಾ?"