ಅಂಟಿಸಿದ ಫೋಟೋದ ಕೆಳಗೆ

ಬೆಳಗ್ಗೆ ಹತ್ತೂ ಇಪ್ಪತ್ತು. ದೊಡ್ಡತ್ತೆ ತೀರಿಕೊಂಡು ಹದಿನೇಳನೆಯ ದಿನ. ಅವಳ ಆಲ್ಬಮ್ಮಿನಿಂದ ಐದು ಫೋಟೋ ಕಾಣೆಯಾಗಿದ್ದವು.

ಪುಟ್ಟಿ ಮೊದಲಿನಿಂದ ಮತ್ತೊಮ್ಮೆ ತಿರುವಿ ಹಾಕಿದಳು. ಕಪ್ಪು ಹಾಳೆಗಳ ಮೇಲೆ ಐದು ಕಡೆ ಬರೀ ಅಂಟಿನ ಕಲೆ. ಐದನೆಯ ಕಲೆಯ ಕೆಳಗೆ ಬಿಳಿ ಮಸಿಯಲ್ಲಿ ದೊಡ್ಡತ್ತೆಯ ಗುಂಡು ಅಕ್ಷರ: 'ಪುಟ್ಟಿ, ಹತ್ತು ತಿಂಗಳು.'



ದೊಡ್ಡತ್ತೆ ತೀರಾ ಹತ್ತಿರದವಳೇನಲ್ಲ, ಅಪ್ಪನ ಸೋದರತ್ತೆಯ ಮಗಳು. ಆದರೆ ಇಡೀ ಕುಟುಂಬದ ಫೋಟೋಗಳು ಇದ್ದದ್ದು ಅವಳ ಬೀರುವಿನಲ್ಲಿ. ಪುಟ್ಟಿಗೆ ಒಂದು ವರ್ಷ ತುಂಬುವ ಹೊತ್ತಿಗೆ ಅಮ್ಮ ಮನೆ ಬಿಟ್ಟು ಹೋಗಿದ್ದಳು. ಆಮೇಲೆ ಬೇರೆ ಊರಿನಲ್ಲಿ ಕಾಯಿಲೆ ಬಿದ್ದು ಸತ್ತಳಂತೆ. ಮನೆಯಲ್ಲಿದ್ದ ಅವಳ ಫೋಟೋಗಳನ್ನೆಲ್ಲ ಅಪ್ಪ ಸುಟ್ಟುಹಾಕಿದ್ದ. ಪುಟ್ಟಿಗೆ ಈಗ ಇಪ್ಪತ್ತೊಂಬತ್ತು. ಕಣ್ಣಾಸ್ಪತ್ರೆಯಲ್ಲಿ ದಿನಕ್ಕೆ ನಲವತ್ತು ಮುಖಗಳನ್ನು ಗೇಣು ದೂರದಿಂದ ನೋಡುವ ಕೆಲಸ. ಅಮ್ಮನ ಮುಖ ಮಾತ್ರ ಒಮ್ಮೆಯೂ ನೋಡಿರಲಿಲ್ಲ.

'ನಿಮ್ಮಮ್ಮನ ಒಂದು ಫೋಟೋ ನನ್ನ ಹತ್ತಿರ ಇದೆ ಕಣೇ,' ಎಂದು ದೊಡ್ಡತ್ತೆ ಹೋದ ವರ್ಷ ಕಾಗದ ಬರೆದಿದ್ದಳು. 'ನಾನಿರುವ ತನಕ ಕೇಳಬೇಡ, ನಿಮ್ಮಪ್ಪನಿಗೆ ಮಾತು ಕೊಟ್ಟಿದ್ದೇನೆ. ನಾನು ಹೋದ ಮೇಲೆ ಬಂದು ತಗೊಂಡು ಹೋಗು.'

ಬೀಗದ ಕೈ ತಂದುಕೊಟ್ಟ ಪಕ್ಕದ ಮನೆಯ ಟೈಲರಮ್ಮ ಬಾಗಿಲಿಗೆ ಒರಗಿ ನಿಂತಿದ್ದರು.

"ಮಹಡಿ ಮೇಲಿರೋ ಮೌನಿನ ಕೇಳಮ್ಮ. ಮೊನ್ನೆ ಅವನೇ ಬೀಗದ ಕೈ ಇಸ್ಕೊಂಡು, ಏನೋ ಕವರಲ್ಲಿ ಹಾಕ್ಕೊಂಡು ಹತ್ತಿದ. ಹಳೇ ಫೋಟೋ ರಿಪೇರಿ ಮಾಡೋನು, ಅದು ಕಂಡ್ರೆ ಊಟ ಬೇಡ, ತಿಂಡಿ ಬೇಡ."

"ಕೇಳಿದ್ರೆ ಹೇಳ್ತಾರಾ?"

"ಅನುಮಾನ. ದೇವರು ಅವನ ಬಾಯಿಗೆ ಗುಂಡಿ ಹಾಕಿ, ಬಿಚ್ಚೋದು ಮರೆತುಬಿಟ್ಟಿದ್ದಾನೆ."

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಒದ್ದೆ ಕೈಗಳನ್ನು ಟವೆಲ್ಲಿಗೆ ಒರೆಸಿಕೊಳ್ಳುತ್ತ ಒಬ್ಬ ಇಳಿದು ಬಂದ.

"ನೀವು... ಭಾನುವಾರದವರು ಅಲ್ವಾ?"

ಆ ದನಿ! ಪುಟ್ಟಿಯ ಕೈ ಹಾಳೆಯ ಮೇಲೆಯೇ ನಿಂತಿತು.

ದೊಡ್ಡತ್ತೆಗೆ ಕಿವಿ ಪೂರ್ತಿ ಹೋಗಿ ಎರಡು ವರ್ಷವಾಗಿತ್ತು. ಪುಟ್ಟಿ ಪ್ರತಿ ಭಾನುವಾರ ಫೋನ್ ಮಾಡಿದಾಗ ಮಹಡಿಯ ಬಾಡಿಗೆದಾರ ಕೆಳಗಿಳಿದು ಬಂದು ಅವಳ ಮಾತನ್ನು ದೊಡ್ಡತ್ತೆಗೆ ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದ, ದೊಡ್ಡತ್ತೆಯ ಉತ್ತರವನ್ನು ಅವಳಿಗೆ ಹೇಳುತ್ತಿದ್ದ. ಹೀಗೆ ನೂರು ಭಾನುವಾರ. ಆ ದನಿಯ ಮುಖ ಹೇಗಿರಬಹುದೆಂದು ಅವಳು ಬಸ್ಸಿನುದ್ದಕ್ಕೂ ಊಹಿಸುತ್ತ ಬಂದಿದ್ದಳು.

ಈಗ ಮುಖ ಎದುರಿಗಿತ್ತು. ಅವಳ ತೊಡೆಯ ಮೇಲೆ ಬರಿದಾದ ಹಾಳೆ.

"ಇಲ್ಲಿದ್ದ ಫೋಟೋ ನೀವು ತಗೊಂಡ್ರಾ?"

"ಹೌದು."

"ಯಾರನ್ನ ಕೇಳಿ?"

ಅವನು ಟೈಲರಮ್ಮನ ಕಡೆ ನೋಡಿದ. "ನಾಳೆ ಬೆಳಗ್ಗೆವರೆಗೂ ಟೈಮ್ ಕೊಡ್ತೀರಾ?"

"ಸಂಜೆ ಐದೂವರೆಗೆ ನನ್ನ ಬಸ್ಸು. ಎರಡು ವರ್ಷ ನಿಮ್ಮನ್ನ ನಮ್ಮನೆಯವರು ಅಂದ್ಕೊಂಡು ಮಾತಾಡಿದ್ದೆ. ಮುದುಕಿ ಸಾಯೋದನ್ನೇ ಕಾಯ್ತಾ ಇದ್ರಿ ಅಂತ ಗೊತ್ತಿರ್ಲಿಲ್ಲ."

"ಐದಕ್ಕೆ ಮೇಲೆ ಬನ್ನಿ," ಎಂದಷ್ಟೇ ಹೇಳಿ ಹತ್ತಿ ಹೋದ.

ಪುಟ್ಟಿ ಅಳಲಿಲ್ಲ. ದೊಡ್ಡತ್ತೆಯ ಬಟ್ಟೆಗಳನ್ನು ಮಡಿಸಿದಳು, ಡಬ್ಬಿಗಳನ್ನು ಒರೆಸಿದಳು. ಬೀರುವಿನ ಮೂಲೆಮೂಲೆ ತಡಕಿದಳು. ಅಮ್ಮ ಎಲ್ಲೂ ಇರಲಿಲ್ಲ.

ಐದಕ್ಕೆ ಹತ್ತು ನಿಮಿಷವಿದ್ದಾಗ ಬ್ಯಾಗು ಹೆಗಲಿಗೇರಿಸಿ ಮಹಡಿ ಹತ್ತಿದಳು.

ಒಂದೇ ಕೋಣೆ. ಕಿಟಕಿಯ ಕೆಳಗೆ ಉದ್ದನೆಯ ಮೇಜು. ಅದರ ಮೇಲೆ ನೀರು ತುಂಬಿದ ಬಿಳಿ ಟ್ರೇಗಳು. ಪಕ್ಕದಲ್ಲಿ ಹಾಸಿದ ಬಟ್ಟೆಯ ಮೇಲೆ ಫೋಟೋಗಳು ಒಣಗುತ್ತಿದ್ದವು. ಅವುಗಳಲ್ಲಿ ಜಗಳವಾಡಿ ಊರು ಬಿಟ್ಟ ಚಿಕ್ಕಪ್ಪನಿದ್ದ. ಮದುವೆಯ ಹಿಂದಿನ ದಿನ ಓಡಿಹೋದ, ದೊಡ್ಡತ್ತೆಯ ಸೋದರಸೊಸೆಯಿದ್ದಳು. ಕುಟುಂಬದಲ್ಲಿ ಯಾರೂ ಹೆಸರೆತ್ತದವರು ಸಾಲಾಗಿ ಮಲಗಿದ್ದರು.

"ಇವರೆಲ್ಲ ಎಲ್ಲಿದ್ರು?"

"ಆಲ್ಬಮ್ಮಲ್ಲೇ. ಬೇರೆ ಫೋಟೋಗಳ ಕೆಳಗೆ," ಎಂದ ಅವನು. "ಇವರ ಫೋಟೋ ಸುಡು ಅಂತ ಮನೆಯವರು ಹೇಳಿದಾಗೆಲ್ಲ ನಿಮ್ಮ ದೊಡ್ಡತ್ತೆ ಸುಟ್ಟಿಲ್ಲ, ಮೇಲೆ ಇನ್ನೊಂದು ಅಂಟಿಸಿಬಿಟ್ಟಿದ್ದಾರೆ. ನಂಗೆ ಗೊತ್ತಾಗಿದ್ದು ಮೊನ್ನೆ. ಸೇತುವೆ ಫೋಟೋ ಕೆಳಗೆ 'ಪುಟ್ಟಿ, ಹತ್ತು ತಿಂಗಳು' ಅಂತ ಬರೆದಿತ್ತು. ಹಾಳೆಯಿಂದ ಎಬ್ಬಿಸಿ ಲೈಟಿಗೆ ಹಿಡಿದೆ. ಒಳಗೆ ಒಬ್ಬರು ಮಗು ಎತ್ಕೊಂಡು ಕೂತಿದ್ರು."

ಬೆಳಗ್ಗೆ ತಾನಾಡಿದ ಒಂದೊಂದು ಮಾತೂ ಈಗ ಪುಟ್ಟಿಗೇ ಚುಚ್ಚಿತು.

"ಎಲ್ಲಿ? ತೋರ್ಸಿ."

ಅವನು ಕದಲಲಿಲ್ಲ.

"ಬೇರೆಯವಕ್ಕೆ ನಾಲ್ಕು ಮೂಲೆಗೆ ಮಾತ್ರ ಅಂಟು ಹಚ್ಚಿದ್ರು. ಇದಕ್ಕೆ ಪೂರ್ತಿ ಬಳಿದಿದ್ರು. ನಿಮ್ಮ ತಂದೆ ಎದುರಿಗೇ ಕೂತಿದ್ರೇನೋ. ಇಪ್ಪತ್ತನಾಲ್ಕು ಗಂಟೆ ನೀರಲ್ಲಿ ಇರಬೇಕಿತ್ತು. ಬೆಳಗ್ಗೆ ಎಂಟಕ್ಕೆ ಹಾಕಿದ್ದೆ." ಅವನ ದನಿ ತಗ್ಗಿತು. "ನಾಲ್ಕಕ್ಕೆ ತೆಗೆದೆ. ಹತ್ತೊಂಬತ್ತು ವರ್ಷದ ಕೆಲಸದಲ್ಲಿ ಒಂದು ಸಲವೂ ಆತುರ ಪಟ್ಟವನಲ್ಲ ನಾನು."

ಗಾಜಿನ ಹಲಗೆಯೊಂದನ್ನು ಅವಳ ಮುಂದಿಟ್ಟ.

ಮರದ ಕುರ್ಚಿ. ಚುಕ್ಕಿ ಸೀರೆ. ತೊಡೆಯ ಮೇಲೆ ದುಂಡು ಕೆನ್ನೆಯ ಮಗು. ಮಗುವಿನ ಫ್ರಾಕು ಮೇಲೆ ಸರಿದಿದ್ದಿರಬೇಕು, ಹೆಂಗಸಿನ ಬಲಗೈ ಅದನ್ನು ಮಂಡಿಯವರೆಗೆ ಎಳೆದು ಹಿಡಿದಿತ್ತು. ಕುತ್ತಿಗೆಯಿಂದ ಮೇಲೆ ಏನೂ ಇರಲಿಲ್ಲ. ಬರೀ ಬಿಳಿ ಕಾಗದ.

"ಮುಖ ಮೇಲಿನ ಫೋಟೋದ ಬೆನ್ನಿಗೆ ಅಂಟ್ಕೊಂಡು ಕಿತ್ತು ಬಂತು. ಬಿಡಿಸೋಕೆ ಹೋದೆ, ಪುಡಿಯಾಯ್ತು."

ಪುಟ್ಟಿ ಕುಸಿದು ಕುಳಿತಳು. ಆಮೇಲೆ ಅಳು ಬಂತು. ಸದ್ದಿಲ್ಲದೆ, ತುಂಬಾ ಹೊತ್ತು.

'ನಾಳೆವರೆಗೂ ಟೈಮ್ ಕೊಡ್ತೀರಾ ಅಂತ ಕೇಳಿದರು... ನಾನು ಕೊಡಲಿಲ್ಲ.'

"ಬೆಳಗ್ಗೆ ಯಾಕೆ ಹೇಳ್ಲಿಲ್ಲ?"

"ಆಸೆ ಹುಟ್ಟಿಸಿ ಕೈಗೆ ಸಿಗದೇ ಹೋದ್ರೆ? ಮೊದಲು ಬಿಡಿಸಿ, ಆಮೇಲೆ ನಿಮ್ಮ ಕೈಗೆ ಕೊಡೋಣ ಅಂತಿದ್ದೆ." ಅವನು ನೆಲ ನೋಡುತ್ತ ಹೇಳಿದ. "ನಿಮ್ಮ ಮುಖ ನೋಡಿ ಹೊಂದಿಸಿ ಬರೀಬಹುದು. ಕಂಪ್ಯೂಟರಿನಲ್ಲಿ..."

"ಬೇಡ. ಸುಳ್ಳು ಅಮ್ಮ ಬೇಡ ನಂಗೆ."

ಐದೂವರೆಯಾಯಿತು. ಇಬ್ಬರೂ ಗಡಿಯಾರ ನೋಡಲಿಲ್ಲ.

ಪುಟ್ಟಿ ಗಾಜಿನ ಮೇಲೆ ಬಾಗಿದಳು. ಫ್ರಾಕಿನ ಅಂಚು ಹಿಡಿದ ಆ ಬೆರಳುಗಳನ್ನು ಒಂದೊಂದಾಗಿ ನೋಡಿದಳು.

"ಅಮ್ಮನಿಗೆ ನಾನು ಬೇಡವಾಗಿದ್ದೆ ಅಂತ ಅಪ್ಪ ಹೇಳ್ತಿದ್ರು. ಬೇಡವಾದ ಮಗೂಗೆ ಚಳಿಯಾಗುತ್ತೆ ಅಂತ ಯಾರಾದ್ರೂ ಹೀಗೆ ನೋಡ್ಕೋತಾರಾ?"

"ಇಲ್ಲ," ಎಂದ ಅವನು. "ನಾನೂ ಒಂದು ಸುಳ್ಳು ಹೇಳಿದ್ದೀನಿ. ಪ್ರತಿ ಭಾನುವಾರ ಕೊನೇಲಿ 'ಮುಂದಿನ ವಾರ ತಪ್ಪಿಸ್ಬೇಡ, ಕಾಯ್ತಿರ್ತೀನಿ' ಅಂತ ಹೇಳ್ತಿದ್ದೆನಲ್ಲ... ಅದು ನಿಮ್ಮ ದೊಡ್ಡತ್ತೆ ಒಂದು ದಿನವೂ ಹೇಳಿದ್ದಲ್ಲ."

ಪುಟ್ಟಿ ತಲೆಯೆತ್ತಿದಳು. ಕಣ್ಣು ಕೆಂಪಾಗಿ ಊದಿತ್ತು.

"ಅದೊಂದು ಮಾತಿಗೋಸ್ಕರ ನಾನು ಫೋನ್ ಮಾಡ್ತಿದ್ದೆ," ಎಂದಳು.

ಅವನು ಟವೆಲ್ಲಿನ ಒಣ ತುದಿಯನ್ನು ಹುಡುಕಿ ಅವಳ ಕಡೆ ಚಾಚಿದ. ಅವಳು ಟವೆಲ್ ತೆಗೆದುಕೊಳ್ಳದೆ ಆ ಕೈಯನ್ನೇ ಹಿಡಿದಳು. ದಿನವಿಡೀ ನೀರಲ್ಲಿದ್ದ ಬೆರಳುಗಳು ಸುಕ್ಕುಗಟ್ಟಿ ತಣ್ಣಗಿದ್ದವು.

"ನಿಮ್ಮನ್ನ ಕ್ಷಮಿಸೋಕೆ ಈಗ ಆಗಲ್ಲ," ಎಂದಳು.

"ಗೊತ್ತು."

"ಬೆಳಗ್ಗೆ ನಾನಂದಿದ್ದಕ್ಕೆ ನನ್ನನ್ನೂ."

"ನನಗೇನೂ ಆತುರ ಇಲ್ಲ."

"ಆಲ್ಬಮ್ಮಲ್ಲಿ ಬಿಡಿಸೋದು ಇನ್ನೆಷ್ಟು ಉಳಿದಿವೆ?"

"ಎಂಟು."

"ಎಷ್ಟು ದಿನ ಬೇಕು?"

"ದಿನಕ್ಕೆ ಒಂದೇ ಬಿಡಿಸೋದು. ಇನ್ಮೇಲೆ ಒಂದೇ."

ಎಂಟು ದಿನ ಹಿಡಿಯಿತು. ಅತ್ತೆಯರು, ಮಾವಂದಿರು, ಗುರುತು ಸಿಗದ ಒಬ್ಬ ಮುದುಕ ಹೊರಬಂದರು. ಅಮ್ಮ ಮತ್ತೆಲ್ಲೂ ಸಿಗಲಿಲ್ಲ. ಒಂಬತ್ತನೆಯ ದಿನ ಪುಟ್ಟಿ ಆಸ್ಪತ್ರೆಗೆ ಫೋನ್ ಮಾಡಿ, ಈ ಊರಿನ ಶಾಖೆಗೆ ವರ್ಗ ಕೇಳಿದಳು.